ಒಂದು ‘ಟಪ್’ ಮತ್ತು ಎರಡು ಸಾವಿರದ ನಾನೂರು ಆನೆ

ಅಣ್ಣನ ಮಗಳು ಮೈಕಿನ ಮುಂದೆ ನಿಂತು ದೇವರನಾಮ ಹಾಡುತ್ತಿದ್ದಳು. ನಾಲ್ಕು ನಿಮಿಷದ ಹಾಡು. ಮೂರನೇ ನಿಮಿಷದಲ್ಲಿ ತಾರಷಡ್ಜಕ್ಕೆ ಏರಿ ನಿಂತ ಗಳಿಗೆಯಲ್ಲೇ ಹೆಡ್‌ಫೋನಿನಲ್ಲಿ ‘ಟಪ್’ ಎಂದಿತು. ಒಗ್ಗರಣೆ ಸೌಟಿನಲ್ಲಿ ಒಂದೇ ಒಂದು ಸಾಸಿವೆ ಸಿಡಿದ ಹಾಗೆ. “ಚಿಕ್ಕಪ್ಪಾ, ನಾನೇನೂ ಮಾಡ್ಲಿಲ್ಲ” ಎಂದಳು. ನಿಜ, ಅವಳೇನೂ ಮಾಡಿರಲಿಲ್ಲ. ಸೆಕೆಂಡನ್ನು ಸಾವಿರ ಹೋಳು ಮಾಡಿದರೆ ಅದರಲ್ಲಿ ಮೂರು ಹೋಳಿನಷ್ಟು ಪುಟ್ಟ ಗಡುವೊಂದನ್ನು ನನ್ನ ಲ್ಯಾಪ್‌ಟಾಪು ತಪ್ಪಿಸಿತ್ತು, ಅಷ್ಟೆ. ದೋಷ ಹುಡುಕಲೆಂದು ಕುಳಿತವನು ಆ ಮಧ್ಯಾಹ್ನವಿಡೀ ಕ್ಯಾಲ್ಕುಲೇಟರು ಹಿಡಿದು ಬಾಯಿ ಬಿಟ್ಟುಕೊಂಡು ಕುಳಿತೆ. ನಮ್ಮ ಮನೆಯ ಮೂಲೆಯಲ್ಲಿ ಇಷ್ಟು ದೊಡ್ಡ ಅಂಕಿಗಳು ವಾಸವಾಗಿವೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮೊದಲು ಸಣ್ಣದರಿಂದ ಹೊರಡೋಣ. ಸಿ.ಡಿ. ಗುಣಮಟ್ಟದಲ್ಲಿ ಮುದ್ರಿಸುವಾಗ ಕಂಪ್ಯೂಟರು ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತದೆ. (ಈ ವಿಚಿತ್ರ ಸಂಖ್ಯೆ ವಿಡಿಯೊ ಟೇಪಿನ ಕಾಲದ ಬಳುವಳಿ. 2, 3, 5, 7 ಈ ನಾಲ್ಕನ್ನೂ ಗುಣಿಸಿದರೆ 210. ಅದರ ವರ್ಗವೇ 44,100. ಲೆಕ್ಕದ ಮೇಷ್ಟರು ಕೇಳಿದರೆ ಕುಣಿದಾಡುತ್ತಾರೆ.) ಒಂದು ಅಳತೆಗೂ ಮುಂದಿನ ಅಳತೆಗೂ ನಡುವೆ ಇರುವ ಬಿಡುವಿನಲ್ಲಿ ಧ್ವನಿ ಗಾಳಿಯಲ್ಲಿ ಒಂದು ಕಡಲೆಕಾಳಿನ ಅಗಲದಷ್ಟು ದೂರ ಸಾಗುತ್ತದೆ. ಅದೇ ಬಿಡುವಿನಲ್ಲಿ ಬೆಳಕು ಮೆಜೆಸ್ಟಿಕ್‌ನಿಂದ ಹೊರಟು ಯಶವಂತಪುರ ದಾಟಿರುತ್ತದೆ.

ಪ್ರತಿ ಅಳತೆಯೂ ಒಂದು ಅಂಕಿ. ಆ ಅಂಕಿಗಳನ್ನು ಸೆಕೆಂಡಿಗೆ ಒಂದರಂತೆ ಎಣಿಸಲು ಕುಳಿತಿರೆನ್ನಿ. ಒಂದು ಸೆಕೆಂಡಿನ ಹಾಡನ್ನು ಎಣಿಸಿ ಮುಗಿಸಲು 12 ಗಂಟೆ 15 ನಿಮಿಷ ಬೇಕು. ಬೆಳಿಗ್ಗೆ ಆರಕ್ಕೆ ಕೂತರೆ ಸಂಜೆ ಆರೂಕಾಲಕ್ಕೆ ಏಳಬಹುದು. ನಾಲ್ಕು ನಿಮಿಷದ ಹಾಡಿಗೆ ಊಟ ನಿದ್ದೆ ಬಿಟ್ಟು 122 ದಿನ ಬೇಕು. ಅದೂ ಒಂದು ಟ್ರ್ಯಾಕಿಗೆ, ಬರೀ ಗಾಯಕಿಯ ಕಂಠಕ್ಕೆ. ತಂಬೂರಿ, ತಬಲಾ, ಕೊಳಲು, ಎಂಟು ಪಿಟೀಲು, ಕೋರಸ್ಸು ಎಂದು ಸೇರಿಸುತ್ತ ಹೋದರೆ ಒಂದು ಸಿನಿಮಾ ಹಾಡು ಸಲೀಸಾಗಿ ನೂರು ಟ್ರ್ಯಾಕು ಮುಟ್ಟುತ್ತದೆ. ಆಗ ಎಣಿಸಬೇಕಾದದ್ದು 105 ಕೋಟಿ 84 ಲಕ್ಷ ಅಂಕಿ, ಹಿಡಿಯುವ ಕಾಲ 33 ವರ್ಷ ಆರು ತಿಂಗಳು. ಪ್ರೊ ಟೂಲ್ಸ್ ಎಂಬ ಹೆಸರಾಂತ ಧ್ವನಿಮುದ್ರಣ ತಂತ್ರಾಂಶ 1991ರಲ್ಲಿ ಮಾರುಕಟ್ಟೆಗೆ ಬಂದಾಗ ಎಣಿಸಲು ಕುಳಿತವರು ಇತ್ತೀಚೆಗಷ್ಟೇ ಎದ್ದು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಅಂದಹಾಗೆ ಅಂದಿನ ಪ್ರೊ ಟೂಲ್ಸ್‌ನಲ್ಲಿ ಇದ್ದದ್ದು ನಾಲ್ಕೇ ಟ್ರ್ಯಾಕು.

ಎಣಿಕೆ ಬಿಡಿ, ಅಳತೆಯ ನಿಖರತೆ ನೋಡಿ. 16 ಬಿಟ್ ಧ್ವನಿ ಎಂದರೆ 65,536 ಮೆಟ್ಟಿಲ ಏಣಿ. ಮೆಟ್ಟಿಲಿಗೊಂದು ಮಿಲಿಮೀಟರು ಇಟ್ಟರೆ ಏಣಿಯ ಎತ್ತರ 65 ಮೀಟರು, ಶ್ರವಣಬೆಳಗೊಳದ ಗೊಮ್ಮಟನ ತಲೆಯ ಮೇಲೆ ಗೊಮ್ಮಟ ನಿಂತು ಮೂರೂ ಮುಕ್ಕಾಲು ಗೊಮ್ಮಟರಾದಂತೆ. ಚೆನ್ನಾಗಿದೆ. ಆದರೆ ಈಗ ಮನೆಯಲ್ಲಿ ಮುದ್ರಿಸುವವರೂ ಬಳಸುವುದು 24 ಬಿಟ್. ಅದರಲ್ಲಿ 1 ಕೋಟಿ 67 ಲಕ್ಷ 77 ಸಾವಿರದ 216 ಮೆಟ್ಟಿಲು. ಅದೇ ಮಿಲಿಮೀಟರಿನ ಲೆಕ್ಕಕ್ಕೆ ಏಣಿ 16.8 ಕಿ.ಮೀ. ಏರುತ್ತದೆ. ಎವರೆಸ್ಟಿನ ಮೇಲೆ ಇನ್ನೊಂದು ಎವರೆಸ್ಟ್ ಇಟ್ಟರೆ ಅದಕ್ಕಿಂತ ತುಸುವೇ ಕುಳ್ಳು. ಆ ಎತ್ತರವನ್ನು ಒಂದು ಮಿಲಿಮೀಟರಿನ ಲೆಕ್ಕಕ್ಕೆ, ಸೆಕೆಂಡಿಗೆ 44,100 ಸಲ, ಪ್ರತಿ ಟ್ರ್ಯಾಕಿಗೂ ಬೇರೆ ಬೇರೆಯಾಗಿ ಅಳೆಯುತ್ತಿದೆ, ಚಹಾ ಲೋಟದ ಪಕ್ಕ ಕುಳಿತ ಆ ಪುಟ್ಟ ಪೆಟ್ಟಿಗೆ.

ಇದನ್ನೆಲ್ಲ ಅಚ್ಚು ಹಾಕಿಸಿದರೆ? ಪುಟಕ್ಕೆ 300 ಅಂಕಿ, ಪುಸ್ತಕಕ್ಕೆ 300 ಪುಟ ಎಂದುಕೊಳ್ಳಿ. ನೂರು ಟ್ರ್ಯಾಕಿನ ಆ ಒಂದು ಹಾಡಿಗೆ 11,760 ಪುಸ್ತಕ. ಪುಸ್ತಕ 400 ಗ್ರಾಂ ತೂಗಿದರೆ ಒಟ್ಟು 4,704 ಕೆ.ಜಿ. ಮೈಸೂರು ದಸರೆಯ ಚಿನ್ನದ ಅಂಬಾರಿ 750 ಕೆ.ಜಿ.; ಹಾಡು ಅಂಥ ಆರು ಅಂಬಾರಿಗಿಂತ ಭಾರ. ಅಂಬಾರಿ ಹೊರುವ ಆನೆಯ ತೂಕಕ್ಕೇ ಹತ್ತಿರ ಎನ್ನಿ. ಕಂಪ್ಯೂಟರು ಈ ಆನೆ ತೂಕದ ಗ್ರಂಥರಾಶಿಯನ್ನು ಸೆಕೆಂಡಿಗೆ 49 ಪುಸ್ತಕದಂತೆ ಓದಿ, ಕೂಡಿಸಿ, ಕಳೆದು, ಗುಣಿಸಿ, ಸ್ಪೀಕರಿಗೆ ಒಪ್ಪಿಸುತ್ತ ನಾಲ್ಕೇ ನಿಮಿಷದಲ್ಲಿ ಮುಗಿಸುತ್ತದೆ. ನಾವು ಮಾತ್ರ ಒಂದು ‘ಟಪ್’ ಕೇಳಿಸಿತೆಂದು ಹಲ್ಲು ಕಡಿಯುತ್ತೇವೆ.

ಈಗ ಗಡುವಿನ ಮಾತು. ಅಂಕಿಗಳನ್ನು ಒಂದೊಂದಾಗಿ ಸಾಗಿಸಲಾಗದು ಎಂದು ಕಂಪ್ಯೂಟರು ಅವನ್ನು ಕಂತೆ ಕಟ್ಟುತ್ತದೆ. ಆ ಕಂತೆಗೆ ಬಫರ್ ಎಂದು ಹೆಸರು. 128 ಅಂಕಿಯ ಕಂತೆ ಇಟ್ಟಿದ್ದೀರಿ ಎಂದರೆ ಪ್ರತಿ 2.9 ಮಿಲಿಸೆಕೆಂಡಿಗೆ ಒಂದು ಕಂತೆ ಸಿದ್ಧವಾಗಿ ಹೊರಡಲೇಬೇಕು. ‘ನಿಮಿಷ’ ಎಂಬ ಮಾತಿಗೆ ಮೂಲದಲ್ಲಿ ರೆಪ್ಪೆ ಬಡಿಯುವಷ್ಟು ಹೊತ್ತು ಎಂದೇ ಅರ್ಥ. ಅದಕ್ಕೆ ಸೆಕೆಂಡಿನ ಹತ್ತರಲ್ಲಿ ಮೂರು ಪಾಲು ಕೊಟ್ಟರೆ, ನೀವು ಒಮ್ಮೆ ರೆಪ್ಪೆ ಬಡಿದು ತೆರೆಯುವಷ್ಟರಲ್ಲಿ ಇಲ್ಲಿ ನೂರು ಗಡುವು ಬಂದು ಹೋಗಿರುತ್ತವೆ. ಸೆಕೆಂಡಿಗೆ 344. ನಾಲ್ಕು ನಿಮಿಷದ ಹಾಡಿಗೆ 82,687.

ಎಂಬತ್ತೆರಡು ಸಾವಿರದ ಆರುನೂರ ಎಂಬತ್ತೇಳು! ನಮ್ಮ ರೈಲ್ವೆ ದಿನಕ್ಕೆ ಸುಮಾರು 13,000 ಪ್ರಯಾಣಿಕ ರೈಲು ಓಡಿಸುತ್ತದೆ. ದೇಶದ ಅಷ್ಟೂ ರೈಲುಗಳು, ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ, ಆರು ದಿನಕ್ಕೂ ಹೆಚ್ಚು ಕಾಲ ಒಂದೇ ಒಂದು ತಡವಿಲ್ಲದೆ ತಲುಪಿದರೆ ಎಷ್ಟೋ, ಒಂದು ದೇವರನಾಮ ‘ಟಪ್’ ಎನ್ನದೆ ಮುಗಿಯುವುದು ಅಷ್ಟು. ಎಸ್ಸೆಸ್ಸೆಲ್ಸಿಯಲ್ಲಿ ಶೇಕಡ 99.99 ಎಂದರೆ 625ಕ್ಕೆ 624.94, ಆ ಮಗುವಿನ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಶಾಲೆಯವರು ಹಾರ ಹಾಕುತ್ತಾರೆ. ಧ್ವನಿಮುದ್ರಣದಲ್ಲಿ ಕಂಪ್ಯೂಟರು 99.99 ತೆಗೆದರೆ ಒಂದು ಹಾಡಿನಲ್ಲಿ ಎಂಟು ಸಲ ‘ಟಪ್’. ಆ ಮುದ್ರಣ ಕಸದ ಬುಟ್ಟಿಗೆ.

ಇದನ್ನೆಲ್ಲ ಹೊರುವ ಕಟ್ಟಾಳು ಎಂಥವನು? 1957ರಲ್ಲಿ ಬೆಲ್ ಪ್ರಯೋಗಾಲಯದ ಮ್ಯಾಕ್ಸ್ ಮ್ಯಾಥ್ಯೂಸ್ ಐಬಿಎಂ 704 ಯಂತ್ರದಿಂದ 17 ಸೆಕೆಂಡಿನ ಸಂಗೀತ ಹೊರಡಿಸಿದರು. ಕೋಣೆ ತುಂಬುವ ಆ ಯಂತ್ರ ಸೆಕೆಂಡಿಗೆ ಮಾಡಬಲ್ಲದಾಗಿದ್ದ ದಶಮಾಂಶದ ಕೂಡಿಕೆ ಸುಮಾರು 12,000. ಇಂದಿನ 44,100 ಅಂಕಿಗೆ ತಲಾ ಒಂದನ್ನು ಕೂಡಿಸಿಕೊಂಡು ಹೋಗಲೂ ಅದಕ್ಕೆ ಉಸಿರು ಸಾಲುತ್ತಿರಲಿಲ್ಲ. 1976ರಲ್ಲಿ ಕ್ರೇ-1 ಬಂತು. ಅಂದಿನ ಸೂಪರ್‌ಕಂಪ್ಯೂಟರ್. ಸೆಕೆಂಡಿಗೆ 16 ಕೋಟಿ ಲೆಕ್ಕ, ತಂಪುಗೊಳಿಸುವ ಸರಂಜಾಮೂ ಸೇರಿ ತೂಕ ಐದು ಟನ್ನಿಗೂ ಹೆಚ್ಚು, ಅಂದರೆ ಮತ್ತೊಂದು ಆನೆ. ಇವತ್ತಿನ ಸಾಧಾರಣ ಲ್ಯಾಪ್‌ಟಾಪಿನ 3 ಗಿಗಾಹರ್ಟ್ಸ್ ಪ್ರೊಸೆಸರಿನ ಒಂದು ಕೋರು ಕಾಗದದ ಮೇಲಿನ ಗರಿಷ್ಠ ಲೆಕ್ಕದಲ್ಲಿ 300 ಕ್ರೇಗಳಿಗೆ ಸಮ. ಎಂಟು ಕೋರಿದ್ದರೆ 2,400. ಎರಡು ಸಾವಿರದ ನಾನೂರು ಆನೆಗಳ ಹಿಂಡೊಂದು ನನ್ನ ತೊಡೆಯ ಮೇಲೆ ಕುಳಿತಿದೆ. ಬಿಸಿಯಾಗುವುದರಲ್ಲಿ ಆಶ್ಚರ್ಯವೇನು!

ಅಷ್ಟು ಆನೆಗಳಿದ್ದೂ ಗಡುವು ತಪ್ಪಿದ್ದು ಹೇಗೆ? ತೆರೆಯ ಮೇಲೆ ಪ್ರೊಸೆಸರಿನ ಬಳಕೆ ಶೇಕಡ 18 ಎಂದು ತೋರಿಸುತ್ತಿತ್ತು. ಅದು ಸೆಕೆಂಡಿನ ಸರಾಸರಿ. ಒಂದು ಸೆಕೆಂಡಿನ ಹೊಟ್ಟೆಯೊಳಗೆ 344 ಗಡುವುಗಳಿವೆ, ಅದರಲ್ಲಿ ಒಂದು ಕೆಟ್ಟರೆ ಸರಾಸರಿಗೆ ತಿಳಿಯುವುದೇ ಇಲ್ಲ. ಮದುವೆ ಮನೆಯಲ್ಲಿ ಕಡಾಯಿ ತುಂಬ ಸಾರು ಇದ್ದರೂ ಕೊನೆಯ ಪಂಕ್ತಿಯ ಒಂದು ಎಲೆಗೆ ಬಡಿಸುವವರು ಬರಲಿಲ್ಲ ಎಂಬಂತೆ.

ಕಾಲವನ್ನು ಹಿಗ್ಗಿಸಿ ನೋಡಿದರೆ ಈ ಎಡವಟ್ಟು ಕಣ್ಣಿಗೆ ಕಟ್ಟುತ್ತದೆ. ಪ್ರೊಸೆಸರಿನ ಹೃದಯ ಸೆಕೆಂಡಿಗೆ 300 ಕೋಟಿ ಸಲ ಮಿಡಿಯುತ್ತದೆ. ಒಂದು ಮಿಡಿತಕ್ಕೆ ನಮ್ಮ ಒಂದು ಸೆಕೆಂಡು ಎಂದು ಲೆಕ್ಕ ಹಿಡಿಯಿರಿ. ಆಗ ನಮ್ಮ ಒಂದು ಸೆಕೆಂಡು ಅದಕ್ಕೆ 95 ವರ್ಷ, ಒಂದು ತುಂಬು ಆಯುಷ್ಯ. 2.9 ಮಿಲಿಸೆಕೆಂಡಿನ ಗಡುವು ಅದಕ್ಕೆ ನೂರು ದಿನ. ಅಲ್ಪಾವಧಿ ರಾಗಿ ಬಿತ್ತಿ, ಕಳೆ ತೆಗೆದು, ಕೊಯ್ದು ಮುಗಿಸುವಷ್ಟು ಸಾವಕಾಶ. ಒಳಗಿನ ಕ್ಯಾಶೆಯಲ್ಲಿ ಇರುವ ಅಂಕಿ ನಾಲ್ಕೈದು ಸೆಕೆಂಡಿನಲ್ಲಿ ಕೈಗೆ ಬರುತ್ತದೆ, ಸೊಂಟದ ಚೀಲದಿಂದ ಅಡಿಕೆ ತೆಗೆದಂತೆ. ರ‍್ಯಾಮಿನಿಂದ ತರಲು ಐದು ನಿಮಿಷ. ಮೂಲೆಯ ಅಂಗಡಿಗೆ ಹೋಗಿ ಬಂದ ಹಾಗೆ. ಎಸ್‌ಎಸ್‌ಡಿಯಿಂದಾದರೆ ಮೂರೂವರೆ ದಿನ, ಕಾಶಿಗೆ ರೈಲಿನಲ್ಲಿ ಹೋಗುವುದಕ್ಕಿಂತಲೂ ನಿಧಾನ. ಇನ್ನು ತಿರುಗುವ ಹಳೆಯ ಹಾರ್ಡ್‌ಡಿಸ್ಕು? ಒಂದೂಕಾಲು ವರ್ಷ! ರಾಗಿ ಕೊಯ್ಲಿಗೆ ನೂರು ದಿನದ ಗಡುವು ಹಾಕಿಕೊಂಡವನು ಬೀಜಕ್ಕೆ ಬರೆದ ಕಾಗದಕ್ಕೆ ಉತ್ತರ ಬರುವುದು ಮುಂದಿನ ವರ್ಷದ ಮಳೆಗಾಲಕ್ಕೆ.

ಪಾಪ, ಡಿಸ್ಕೇನೂ ಸೋಮಾರಿಯಲ್ಲ. 3.5 ಇಂಚಿನ ಡಿಸ್ಕು ನಿಮಿಷಕ್ಕೆ 7,200 ಸುತ್ತು ಸುತ್ತುವಾಗ ಅದರ ಅಂಚು ಗಂಟೆಗೆ ಸುಮಾರು 129 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಆ ವೇಗ ಹಿಡಿದರೆ ಕ್ಯಾಮೆರಾ ಕಣ್ಣಿಗೆ ಬಿದ್ದು ದಂಡ ಕಟ್ಟಬೇಕು. ಆದರೂ ಪ್ರೊಸೆಸರಿನ ಲೆಕ್ಕದಲ್ಲಿ ಅದು ಎತ್ತಿನಗಾಡಿ. ವಾದ್ಯಗಳ ಧ್ವನಿಸಂಗ್ರಹಗಳನ್ನು ಹಳೆಯ ಡಿಸ್ಕಿನಲ್ಲಿಟ್ಟು ನುಡಿಸಬೇಡಿ ಎಂದು ಸ್ಟುಡಿಯೊದವರು ಗೋಗರೆಯುವುದು ಇದಕ್ಕೇ. ಇಂಥ ಸಂಗ್ರಹಗಳು 500 ಜಿಬಿ ಇರುವುದು ಮಾಮೂಲು. ಸಿ.ಡಿ. ಗುಣಮಟ್ಟದಲ್ಲಿ ಅದನ್ನು ಹಗಲೂ ರಾತ್ರಿ ಕೇಳುತ್ತ ಕೂತರೆ ಮುಗಿಯುವುದು ಮೂವತ್ಮೂರನೇ ದಿನಕ್ಕೆ.

ನನ್ನ ಮನೆಯ ‘ಟಪ್’ಗೆ ಕಾರಣ ಡಿಸ್ಕಲ್ಲ. ಲೇಟೆನ್ಸಿಮಾನ್ ಎಂಬ ಪುಟ್ಟ ತಂತ್ರಾಂಶ ಹಾಕಿ ಹತ್ತು ನಿಮಿಷ ಕಾದೆ. ಕಳ್ಳ ಸಿಕ್ಕಿದ. ವೈಫೈನ ಡ್ರೈವರ್! ಆಗಾಗ ಬಂದು ಪ್ರೊಸೆಸರನ್ನು ಸುಮಾರು 4,000 ಮೈಕ್ರೋಸೆಕೆಂಡು ಹಿಡಿದು ನಿಲ್ಲಿಸುತ್ತಿತ್ತು. ಓದಲು ದೊಡ್ಡದಾಗಿ ಕಂಡರೂ ಸೆಕೆಂಡಿನ 250ರಲ್ಲಿ ಒಂದು ಭಾಗ. ಹಿಗ್ಗಿಸಿದ ಲೆಕ್ಕದಲ್ಲಿ ಮಾತ್ರ 139 ದಿನ. ಕೊಯ್ಲಿಗೆ ನಿಂತವನನ್ನು “ಸ್ವಲ್ಪ ಬಾ ಇಲ್ಲಿ” ಎಂದು ಕರೆದು ನಾಲ್ಕೂವರೆ ತಿಂಗಳು ಹರಟೆಗೆ ಕೂರಿಸಿಕೊಂಡ ನೆಂಟ. 2,400 ಆನೆಗಳ ಹಿಂಡನ್ನು ತಡೆದು ನಿಲ್ಲಿಸಿದ್ದು ಈ ಒಂದು ಸೊಳ್ಳೆ. ಸೊಳ್ಳೆಯನ್ನು ಓಡಿಸಲು ಬೇಕಾದದ್ದು ಒಂದು ಕ್ಲಿಕ್ಕು. ಜೊತೆಗೆ ಚಾರ್ಜರನ್ನೂ ಚುಚ್ಚಿದೆ. ಬ್ಯಾಟರಿ ಉಳಿಸುವ ಉತ್ಸಾಹದಲ್ಲಿ ಲ್ಯಾಪ್‌ಟಾಪು 3 ಗಿಗಾಹರ್ಟ್ಸಿನಿಂದ 0.8ಕ್ಕೆ ಇಳಿದರೆ ನೂರು ದಿನದ ಕೆಲಸಕ್ಕೆ 27 ದಿನದಷ್ಟೇ ಆಳುಬಲ ಉಳಿಯುತ್ತದೆ.

ಎಲ್ಲರೂ ಕೊಡುವ ಮೊದಲ ಸಲಹೆ ಇದಾವುದೂ ಅಲ್ಲ. ಬಫರ್ ಹೆಚ್ಚಿಸು ಎನ್ನುತ್ತಾರೆ. ಹೆಚ್ಚಿಸಿದೆ. 128ನ್ನು 1,024 ಮಾಡಿದೆ. ಸೆಕೆಂಡಿಗೆ 344 ಇದ್ದ ಗಡುವುಗಳು 43ಕ್ಕೆ ಇಳಿದವು, ಕಂಪ್ಯೂಟರು ಕಾಲು ಚಾಚಿ ಮಲಗಿತು. ಹುಡುಗಿ ಹಾಡಲು ಶುರುಮಾಡಿದವಳು ಎರಡನೇ ಸಾಲಿಗೆ ನಿಲ್ಲಿಸಿದಳು. “ಚಿಕ್ಕಪ್ಪಾ, ನನ್ ಧ್ವನಿ ನನಗೇ ಆಮೇಲೆ ಕೇಳಿಸ್ತಿದೆ. ಯಾರೋ ಅಣಕಿಸಿದ ಹಾಗಿದೆ.” ಒಳಬರಲು ಒಂದು ಕಂತೆ, ಹೊರಹೋಗಲು ಒಂದು ಕಂತೆ, ಒಟ್ಟು 46 ಮಿಲಿಸೆಕೆಂಡು. ಅಷ್ಟರಲ್ಲಿ ಧ್ವನಿ ಗಾಳಿಯಲ್ಲಿ 16 ಮೀಟರು ಹೋಗುತ್ತದೆ. ಅಂದರೆ ಅವಳು ಸಭಾಂಗಣದ ವೇದಿಕೆಯಲ್ಲಿ ಹಾಡುತ್ತ, ತನ್ನ ಕಿವಿಗಳನ್ನು ಹದಿನಾರು ಮೀಟರು ಹಿಂದಿನ ಕುರ್ಚಿಯ ಮೇಲೆ ಇಟ್ಟಿದ್ದಳು. 256ಕ್ಕೆ ಇಳಿಸಿದೆ. ಕಿವಿ ನಾಲ್ಕು ಮೀಟರಿಗೆ ಬಂತು. ಕಚೇರಿಯಲ್ಲಿ ಪಕ್ಕವಾದ್ಯದವರು ಕೂರುವ ದೂರಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಹೊಂದಿಕೊಂಡಳು.

ಇದಕ್ಕೆ ತದ್ವಿರುದ್ಧ ಮಾಡುವ ಗೆಳೆಯರೂ ನನಗಿದ್ದಾರೆ. 44,100 ಸಾಲದೆಂದು 1,92,000ದಲ್ಲಿ ಮುದ್ರಿಸುತ್ತಾರೆ. ಕೆಲಸ ನಾಲ್ಕು ಪಟ್ಟಿಗೂ ಮೀರಿತು, ಅದೇ ಕಂತೆಯ ಗಡುವು 0.67 ಮಿಲಿಸೆಕೆಂಡಿಗೆ ಕುಗ್ಗಿತು. ದಕ್ಕಿದ್ದು ಸೆಕೆಂಡಿಗೆ 96,000 ಕಂಪನದವರೆಗಿನ ಧ್ವನಿ. ಮನುಷ್ಯನ ಕಿವಿ 20,000ಕ್ಕೇ ಬಾಗಿಲು ಹಾಕುತ್ತದೆ. ಮಿಕ್ಕದ್ದು ಬಾವಲಿಗಳಿಗೆ ಮುಡಿಪು.

ಇಲ್ಲಿಯವರೆಗಿನದು ಬರೀ ಸಾಗಾಟ. ನಿಜವಾದ ಹೊರೆ ಇನ್ನು ಮುಂದೆ. ಹಾಡಿಗೆ ಗುಡಿಯ ಗುಂಗು, ಹಜಾರದ ಗುಂಗು ಕೊಡುವ ಕನ್ವಲ್ಯೂಷನ್ ರಿವರ್ಬ್ ಎಂಬ ಪ್ಲಗಿನ್ ಇದೆ. ಮೂರು ಸೆಕೆಂಡಿನ ಗುಂಗು ಬೇಕೆಂದರೆ, ನೇರ ದಾರಿಯಲ್ಲಿ ಪ್ರತಿ ಅಂಕಿಗೂ 1,32,300 ಗುಣಾಕಾರ. ಸೆಕೆಂಡಿಗೆ ಅಂಥ 44,100 ಅಂಕಿ. ಎಡಗಿವಿ, ಬಲಗಿವಿ ಎರಡಕ್ಕೂ ಸೇರಿ ಸೆಕೆಂಡಿಗೆ 1,166 ಕೋಟಿ ಗುಣಾಕಾರ! ಭೂಮಿಯ ಮೇಲಿನ ಎಂಟುನೂರು ಕೋಟಿ ಜನರಿಗೆ, ಹಸುಗೂಸುಗಳೂ ಸೇರಿ, ಸ್ಲೇಟು ಬಳಪ ಕೊಟ್ಟು ಕೂರಿಸಿದರೂ ಪ್ರತಿಯೊಬ್ಬರೂ ಸೆಕೆಂಡಿಗೆ ಸುಮಾರು ಒಂದೂವರೆ ಲೆಕ್ಕ ಮಾಡಬೇಕು. ಗುಣಾಕಾರಕ್ಕೊಂದು ರೂಪಾಯಿ ಕೂಲಿ ಎಂದಿಟ್ಟರೆ, ಆರು ನಿಮಿಷದ ಹಾಡು ಮುಗಿಯುವಷ್ಟರಲ್ಲಿ ಕರ್ನಾಟಕದ 2025–26ರ ಬಜೆಟ್ಟು, ನಾಲ್ಕು ಲಕ್ಷದ ಒಂಬತ್ತು ಸಾವಿರ ಕೋಟಿ, ಪೂರ್ತಿ ಖಾಲಿ. 1957ರ ಐಬಿಎಂ ಯಂತ್ರಕ್ಕೆ ಒಪ್ಪಿಸಿದ್ದರೆ ಒಂದೇ ಸೆಕೆಂಡಿನ ಗುಂಗಿಗೆ ಕಡಿಮೆಯೆಂದರೂ ಹನ್ನೊಂದು ದಿನ ಹಿಡಿಯುತ್ತಿತ್ತು. ಗಣಿತದ ಒಂದು ಅಡ್ಡದಾರಿ ಹಿಡಿದು, ತಡವೂ ಆಗದಂತೆ, ಈ ಬೆಟ್ಟವನ್ನು ಗುಡ್ಡೆ ಮಾಡುವ ಬಗೆಯನ್ನು ವಿಲಿಯಂ ಗಾರ್ಡ್ನರ್ 1995ರಲ್ಲಿ ತೋರಿಸಿಕೊಟ್ಟರು. ಇಲ್ಲದಿದ್ದರೆ ಮನೆಯಲ್ಲಿ ಗುಂಗು ಬೇಕಾದವರು ಬಚ್ಚಲಮನೆಯಲ್ಲೇ ಹಾಡಬೇಕಿತ್ತು. ವಿಜಯಪುರದ ಗೋಲಗುಮ್ಮಟ ಇದೇ ಲೆಕ್ಕವನ್ನು 1656ರಿಂದ ಒಂದು ವ್ಯಾಟ್ ವಿದ್ಯುತ್ತಿಲ್ಲದೆ ಮಾಡುತ್ತ ಬಂದಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಆದಿಲಶಾಹಿಗಳು ಅಂಥದ್ದನ್ನು ಕಟ್ಟಿಸಿದ್ದು ಒಂದೇ. ನಾನೋ, ಮಿಕ್ಸ್ ಮಾಡುವ ಹುಮ್ಮಸ್ಸಿನಲ್ಲಿ, ಹನ್ನೆರಡು ಟ್ರ್ಯಾಕಿಗೂ ಒಂದೊಂದರಂತೆ ಹನ್ನೆರಡು ಗೋಲಗುಮ್ಮಟ ಕಟ್ಟಿಸಿದ್ದೆ! ಹನ್ನೊಂದನ್ನು ಕೆಡವಿ, ಎಲ್ಲರನ್ನೂ ಒಂದೇ ಗುಮ್ಮಟದ ಕೆಳಗೆ ಕಳಿಸಿದೆ. ಪ್ರೊಸೆಸರಿನ ಫ್ಯಾನು ತಟ್ಟನೆ ಸುಮ್ಮನಾಯಿತು.

ಎಲ್ಲಕ್ಕಿಂತ ದೊಡ್ಡ ಅಂಕಿ ಯಾವುದು ಎಂದಿರಾ? ಅದು ಮೌನದಲ್ಲಿದೆ. ತಂತ್ರಾಂಶದ ಒಳಗೆ ಲೆಕ್ಕ ನಡೆಯುವುದು ಸಾಮಾನ್ಯವಾಗಿ 32 ಬಿಟ್‌ನ ತೇಲುಬಿಂದು ಸಂಖ್ಯೆಗಳಲ್ಲಿ. ಮೇಲ್ತುದಿಯಲ್ಲಿ ಅದು 34ರ ಮುಂದೆ 37 ಸೊನ್ನೆಯವರೆಗೆ ಹೋಗುತ್ತದೆ: ಒಂದು ಲಕ್ಷದ ಎಪ್ಪತ್ತು ಸಾವಿರ ಸೂರ್ಯರನ್ನು ತಕ್ಕಡಿಗೆ ಹಾಕಿ, ತೂಕವನ್ನು ಗ್ರಾಂಗಳಲ್ಲಿ ಬರೆದುಕೊಳ್ಳಬಹುದು. ಕೆಳತುದಿ ಇನ್ನೂ ಸೋಜಿಗ. ಹಾಡು ಮುಗಿದು ಗುಂಗು ಕರಗುತ್ತ, ಕರಗುತ್ತ, ಯಾವ ಕಿವಿಗೂ ಯಾವ ಸ್ಪೀಕರಿಗೂ ನಿಲುಕದಷ್ಟು ಕ್ಷೀಣಿಸಿದರೂ ಕಂಪ್ಯೂಟರಿಗೆ ಅದು ಸೊನ್ನೆಯಲ್ಲ. ಬಿಂದುವಿನ ನಂತರ 37 ಸೊನ್ನೆ, ಆಮೇಲೊಂದು 1. ಕಾಣುವ ವಿಶ್ವದ ಉದ್ದಗಲ 9,300 ಕೋಟಿ ಜ್ಯೋತಿರ್ವರ್ಷ. ಅದರ ಮುಂದೆ ಒಂದು ಹೈಡ್ರೋಜನ್ ಪರಮಾಣು ಎಷ್ಟು ಚಿಕ್ಕದೋ, ಈ ಅಂಕಿ ಒಂದರ ಮುಂದೆ ಅದಕ್ಕಿಂತ ಹತ್ತು ಪಟ್ಟು ಚಿಕ್ಕದು. ಇಂಥ ಅಂಕಿಗಳ ಗಡಿ ದಾಟಿದೊಡನೆ ಕೆಲವು ಪ್ರೊಸೆಸರುಗಳು ಹತ್ತಾರು ಪಟ್ಟು, ಕೆಲವೊಮ್ಮೆ ನೂರು ಪಟ್ಟು ನಿಧಾನವಾಗಿಬಿಡುತ್ತವೆ. ಪೆಂಟಿಯಂ 4ರ ಕಾಲದ ಸಂಗೀತಗಾರರು ಇದನ್ನು ಕಂಡು ಬೆಚ್ಚಿದ್ದರು. ವಾದ್ಯಗಳೆಲ್ಲ ಮೊರೆಯುವಾಗ ನೆಮ್ಮದಿಯಾಗಿದ್ದ ಯಂತ್ರ, ಹಾಡು ನಿಂತು ನಿಶ್ಶಬ್ದವಾದ ಮೇಲೆ ಏದುಸಿರು ಬಿಡುತ್ತಿತ್ತು! ಪರಿಹಾರ? ಆ ಅತಿಸೂಕ್ಷ್ಮ ಅಂಕಿ ಕಂಡಲ್ಲೆಲ್ಲ ಸೊನ್ನೆ ಎಂದು ಬರೆದುಬಿಡುವುದು. ಅಥವಾ ಕೇಳಿಸದಷ್ಟು ಸಣ್ಣ ಗದ್ದಲವನ್ನು ಬೇಕೆಂದೇ ಬೆರೆಸುವುದು. ಮೌನವನ್ನು ಹಗುರ ಮಾಡಲು ಚಿಟಿಕೆ ಸದ್ದು.

ಸಂಜೆ ಐದಕ್ಕೆ ಮತ್ತೆ ಮುದ್ರಿಸಿದೆವು. ವೈಫೈ ಇಲ್ಲ, ಚಾರ್ಜರ್ ಇದೆ, ಬಫರ್ 256, ಗುಮ್ಮಟ ಒಂದು. ನಾಲ್ಕು ನಿಮಿಷ, 41,344 ಗಡುವು. ಮೀಟರಿನ ಮೇಲೆ ಕಣ್ಣಿಟ್ಟು ಉಸಿರು ಬಿಗಿಹಿಡಿದು ಕುಳಿತೆ. ಒಂದೂ ತಪ್ಪಲಿಲ್ಲ. ಹುಡುಗಿ ಕೊನೆಯ ಸಾಲು ಮುಗಿಸಿ ತುಟಿ ಮುಚ್ಚಿದಳು. ಕೇಳಲು ಕುಳಿತರೆ ಮೂರನೇ ನಿಮಿಷದ ಅದೇ ಜಾಗದಲ್ಲಿ ಮತ್ತೆ ‘ಟಪ್’!

ತಲೆ ಕೆಟ್ಟುಹೋಯಿತು. ಅಲೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಕಂತೆ ತಪ್ಪಿದ್ದರೆ ಅಲ್ಲಿ ಕತ್ತರಿಸಿದಂಥ ಗೀರು ಇರಬೇಕಿತ್ತು. ಇಲ್ಲ. ಬದಲಿಗೆ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗದಷ್ಟು ಉದ್ದಕ್ಕೆ ಸೊಗಸಾದ ಅಲೆ, 2,205 ಅಂಕಿಗಳು, ಪ್ರತಿಯೊಂದೂ ಆ ಎರಡು ಎವರೆಸ್ಟಿನ ಏಣಿಯ ಮೇಲೆ ಮಿಲಿಮೀಟರು ಬಿಡದೆ ಅಳೆದದ್ದು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಸದ್ದು ಏರಿಸಿ ಮತ್ತೆ ಹಾಕಿದೆ. ಲೊಚ್, ಲೊಚ್, ಲೊಚ್. ಆಚೆ ಕೋಣೆಯಿಂದ ಅಮ್ಮ ನೆಲಕ್ಕೆ ಬೆರಳಿನಿಂದ ಕುಟ್ಟುತ್ತ “ಕೃಷ್ಣ ಕೃಷ್ಣ” ಎಂದರು. ಟ್ಯೂಬ್‌ಲೈಟಿನ ಹಿಂದೆ ಹಲ್ಲಿ ಬಾಲ ಅಲ್ಲಾಡಿಸಿತು.